‘ಕರಗು’ ಶಬ್ದದ ಅರ್ಥವೂ ಸಾವಯವ ವಸ್ತುಗಳ ವಿಲಯನವೂ

ಕನ್ನಡದಲ್ಲಿ ಬೆಣ್ಣೆಯೂ ಕರಗುತ್ತದೆ, ಬೆಲ್ಲವೂ ಕರಗುತ್ತದೆ. ಬೆಣ್ಣೆ ಕರಗುವುದಕ್ಕೆ ಕಾವು ಬೇಕು, ಬೇರೊಂದು ದ್ರವವು ಬೇಡ; ಬೆಲ್ಲ ಕರಗುವುದಕ್ಕೆ ನೀರು ಬೇಕು, ಒಲೆಯು ಬೇಡ. ಕಾರಣಗಳು ಹೀಗೆ ಬೇರೆಯಾಗಿರಲು ಕಾರ್ಯಕ್ಕೆ ಒಂದೇ ಹೆಸರನ್ನಿಟ್ಟಿರುವುದು ನಮ್ಮ ಭಾಷೆಯ ಬಡತನವಲ್ಲವೆ, ಎಂಬ ಆಕ್ಷೇಪವು ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರಲ್ಲಿಯೂ ಬೋಧಿಸುವವರಲ್ಲಿಯೂ ಆಗಾಗ ಕೇಳಿಬರುತ್ತದೆ. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಎರಡು ಕ್ರಿಯಾಪದಗಳುಂಟು. ಅದರಂತೆ ನಾವೂ ‘ಕರಗು’ ಎಂಬುದನ್ನು ಬೆಣ್ಣೆಗೆ ಮೀಸಲಿಟ್ಟು ಬೆಲ್ಲಕ್ಕೆ ಸಂಸ್ಕೃತದಿಂದ ಬೇರೊಂದು ಶಬ್ದವನ್ನು ತರಬೇಕೆಂಬುದು ಆಕ್ಷೇಪಕರ ಮತ. ಈ ಮತವು ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ನನ್ನ ಅಭಿಪ್ರಾಯ. ಸಾವಯವ ವಸ್ತುಗಳು ದ್ರವಗಳಲ್ಲಿ ಕರಗುವ ಬಗೆಯನ್ನು ಆಧುನಿಕ ರಸಾಯನಶಾಸ್ತ್ರವು ವಿವರಿಸಿರುವ ಕ್ರಮವನ್ನು ನೋಡಿದರೆ, ಬೆಲ್ಲದ ಕರಗುವಿಕೆಯೊಳಗೆ ಬೆಣ್ಣೆಯ ಕರಗುವಿಕೆಯೂ ಅಡಗಿದೆಯೆಂದು ತಿಳಿಯುತ್ತದೆ. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಸಂಸ್ಕೃತದ ಕಡೆಯ ಸಾಕ್ಷ್ಯ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿನಿಂದ ಉಪ್ಪನ್ನು ನೀರಿನಲ್ಲಿ ಹಾಕಿಸಿ, ಮರುದಿನ ಬೆಳಗ್ಗೆ ಅದನ್ನು ತೆಗೆದುಕೊಡೆಂದು ಕೇಳುತ್ತಾನೆ. ಉಪ್ಪು ಕೈಗೆ ಸಿಕ್ಕದು. ಮೇಲಿನ, ನಡುವಿನ, ಕೆಳಗಿನ ನೀರನ್ನು ಕುಡಿಸಿ ನೋಡಿದರೆ ಮೂರೂ ಉಪ್ಪು. ಉಪನಿಷತ್ತಿಗೆ ಇದು ಬ್ರಹ್ಮಬೋಧೆಯ ದೃಷ್ಟಾಂತ ಮಾತ್ರ. ಆದರೆ ದ್ರಾವಣವೆಂದರೇನೆಂಬುದಕ್ಕೆ ಇಂದಿನ ಪಾಠಪುಸ್ತಕವು ಕೊಡುವ ಲಕ್ಷಣವೂ ಇದೇ: ಕಣ್ಣಿಗೆ ಬೇರೆಯಾಗಿ ಕಾಣದೆ, ಎಲ್ಲೆಡೆಯಲ್ಲಿಯೂ ಒಂದೇ ಪ್ರಮಾಣದಲ್ಲಿ ಬೆರೆತಿರುವುದು. ಮಣ್ಣನ್ನು ಕಲಕಿದ ನೀರು ಈ ಲಕ್ಷಣಕ್ಕೆ ಒಳಪಡುವುದಿಲ್ಲ. ಅದು ಕದಡು, ಹೊತ್ತು ಕಳೆದರೆ ತಳಕ್ಕೆ ಇಳಿಯುವುದು. ಕಲ್ಲಿನ ಮೇಲೆ ತೇಯ್ದ ಗಂಧವೂ ಹಾಗೆಯೇ. ಬೃಹದಾರಣ್ಯಕದಲ್ಲಿ ಇದೇ ಉಪ್ಪಿನ ಹರಳಿಗೆ ‘ವಿಲೀ’ ಧಾತುವು ಪ್ರಯುಕ್ತವಾಗಿದೆ. ಇದೇ ಧಾತುವಿನಿಂದಾದ ‘ವಿಲೀನ’ ಶಬ್ದವು ಕಾಯಿಸಿ ಕರಗಿಸಿದ ತುಪ್ಪಕ್ಕೆ ಯಾಜ್ಞಿಕರಲ್ಲಿ ರೂಢವಾಗಿದೆ. ಎಂದಮೇಲೆ ಸಂಸ್ಕೃತಕ್ಕೆ ಹೋದರೂ ಬೆಣ್ಣೆಬೆಲ್ಲಗಳ ದಾರಿ ಬೇರೆಯಾಗಲಿಲ್ಲ.

ಕನ್ನಡವು ಭೇದವನ್ನು ಅರಿಯದೆ ಹೀಗೆ ಮಾಡಿದೆಯೆಂದೂ ಹೇಳುವಂತಿಲ್ಲ. ಧಾತುವು ಒಂದಾದರೂ ವಿಭಕ್ತಿಯು ಭೇದವನ್ನು ಹೇಳುತ್ತದೆ. ‘ಬಿಸಿಲಿಗೆ ಬೆಣ್ಣೆ ಕರಗಿತು’ ಎಂಬಲ್ಲಿ ಚತುರ್ಥಿಯು ಹೇತುವನ್ನು ತಿಳಿಸುತ್ತದೆ. ‘ನೀರಿನಲ್ಲಿ ಬೆಲ್ಲ ಕರಗಿತು’ ಎಂಬಲ್ಲಿ ಸಪ್ತಮಿಯು ಬೆಲ್ಲವು ಹೋಗಿ ಸೇರಿದ ಆಶ್ರಯವನ್ನು ತಿಳಿಸುತ್ತದೆ. ‘ಮಳೆಗೆ ಉಪ್ಪು ಕರಗಿತು’ ಎಂಬ ಪ್ರಯೋಗವೂ ಉಂಟಲ್ಲ, ಎಂದರೆ ಅಲ್ಲಿ ಮಳೆಯು ಹೇತುವಾಗಿಯೇ ವಿವಕ್ಷಿತವಾಗಿದೆ, ಆಶ್ರಯವಾಗಿ ಅಲ್ಲ. ‘ಬಿಸಿಲಲ್ಲಿ ಬೆಣ್ಣೆ ಕರಗಿತು’ ಎನ್ನುವಾಗಲೂ ಬೆಣ್ಣೆಯು ಬಿಸಿಲಿನೊಡನೆ ಬೆರೆಯಿತೆಂದು ಯಾರೂ ತಿಳಿಯರು. ಇಷ್ಟು ಸೂಕ್ಷ್ಮವನ್ನು ವಿಭಕ್ತಿಗೆ ವಹಿಸಿರುವ ಭಾಷೆಯಲ್ಲಿ ಧಾತುವನ್ನು ಎರಡು ಮಾಡಬೇಕಾದ ಅಗತ್ಯವೇನಿದೆ?

ತಾರ್ಕಿಕರ ವಿಭಾಗವನ್ನೂ ಇಲ್ಲಿ ಸ್ಮರಿಸಬಹುದು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರೆಲ್ಲರಿಗೂ ದ್ರವತ್ವವು ಸಾಂಸಿದ್ಧಿಕ, ನೈಮಿತ್ತಿಕ ಎಂದು ಎರಡು ಬಗೆಯೆಂಬುದು ವಿದಿತವಾಗಿದೆ. ನೀರಿನ ದ್ರವತ್ವವು ಹುಟ್ಟುಗುಣ. ತುಪ್ಪ ಸುವರ್ಣ ಮೊದಲಾದವುಗಳದು ಅಗ್ನಿಸಂಯೋಗವೆಂಬ ನಿಮಿತ್ತದಿಂದ ಬಂದದ್ದು. ಬೆಲ್ಲಕ್ಕೆ ನೀರಿನಲ್ಲಿ ಬರುವ ದ್ರವತ್ವವನ್ನು ಯಾವುದರಲ್ಲಿ ಸೇರಿಸಬೇಕು? ಅಗ್ನಿಯಿಲ್ಲದೆಯೇ, ಜಲಸಂಯೋಗವನ್ನೇ ನಿಮಿತ್ತವಾಗುಳ್ಳ ನೈಮಿತ್ತಿಕ ದ್ರವತ್ವವೆನ್ನುವುದು ಯುಕ್ತವಾಗಿ ತೋರುತ್ತದೆ. ಶಾಸ್ತ್ರಗ್ರಂಥವು ಇದನ್ನು ಹೇಳುವುದಿಲ್ಲ. ಅದರ ದಾರಿಯಲ್ಲಿ ಒಂದು ಹೆಜ್ಜೆ ಮುಂದಿಟ್ಟು ನಾನು ಹೇಳುತ್ತಿದ್ದೇನೆ. ಆಧುನಿಕರ ಸಿದ್ಧಾಂತವು ಬಂದು ಮುಟ್ಟುವುದೂ ಇಲ್ಲಿಗೇ.

ಒಂದು ಪರಿಭಾಷೆಯನ್ನು ಇಲ್ಲಿಯೇ ತಿಳಿಸಿಬಿಡುವುದು ಒಳ್ಳೆಯದು. ರಸಾಯನಶಾಸ್ತ್ರದಲ್ಲಿ ‘ಸಾವಯವ’ವೆಂದರೆ ಇಂಗಾಲವನ್ನು ಅಸ್ಥಿಯಾಗುಳ್ಳ ಸಂಯುಕ್ತ: ಸಕ್ಕರೆ, ಎಣ್ಣೆ, ಕರ್ಪೂರ, ಮದ್ಯಸಾರ, ಅಡಕೆಯ ಒಗರು, ಅರಿಸಿನದ ಬಣ್ಣ ಇತ್ಯಾದಿ. ತಾರ್ಕಿಕನಿಗೆ ಅವಯವಗಳುಳ್ಳದ್ದೆಲ್ಲವೂ ಸಾವಯವವಾದುದರಿಂದ ಉಪ್ಪಿನ ಹರಳೂ ಸಾವಯವವೇ. ರೈತನಿಗೆ ಈಚೆಗೆ ಆ ಶಬ್ದದ ಅರ್ಥ ಕೊಟ್ಟಿಗೆಗೊಬ್ಬರ. ಮೂರನ್ನೂ ಬೆರಸದಿದ್ದರೆ ಸಾಕು.

ಇನ್ನು ವಿಷಯಕ್ಕೆ ಬರೋಣ. ಘನರೂಪದ ಒಂದು ಸಾವಯವ ವಸ್ತುವಿನಲ್ಲಿ ಅಣುಗಳು ಸೈನ್ಯದ ವ್ಯೂಹದಂತೆ ಸಾಲುಸಾಲಾಗಿ ನಿಂತು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಅದು ದ್ರವದಲ್ಲಿ ಬೆರೆಯಬೇಕಾದರೆ ಮೊದಲು ಈ ವ್ಯೂಹವು ಒಡೆಯಬೇಕು, ಬಳಿಕ ಬಿಡಿಯಾದ ಅಣುಗಳು ದ್ರವದ ಅಣುಗಳ ನಡುವೆ ಎಡೆಮಾಡಿಕೊಳ್ಳಬೇಕು. ವ್ಯೂಹವು ಒಡೆಯುವುದೆಂದರೆ ಬೆಣ್ಣೆಯು ಕರಗುವುದೇ. ಕಾವಿನಿಂದ ಒಡೆದರೂ ದ್ರವದ ನೆರವಿನಿಂದ ಒಡೆದರೂ ಅದಕ್ಕೆ ತೆರಬೇಕಾದ ಶಕ್ತಿಯು ಒಂದೇ ಲೆಕ್ಕದ್ದು. ಆದುದರಿಂದ ಎರಡನೆಯ ಮೆಟ್ಟಿಲಿನಲ್ಲಿ ಯಾವ ತೊಡಕೂ ಇಲ್ಲದಿದ್ದಲ್ಲಿ, ಅಂದರೆ ದ್ರವದ ಅಣುಗಳೂ ಘನದ ಅಣುಗಳೂ ಪರಸ್ಪರ ಬೇರೆಯವರೆಂದು ಎಣಿಸದಷ್ಟು ಸಜಾತೀಯವಾಗಿದ್ದಲ್ಲಿ, ಎಷ್ಟು ಕರಗುತ್ತದೆಂಬುದನ್ನು ಆ ಘನವಸ್ತುವಿನ ದ್ರವನಬಿಂದು ಮತ್ತು ಅದನ್ನು ಕರಗಿಸಲು ತಗಲುವ ಶಾಖ ಇವೆರಡರಿಂದಲೇ ಗಣಿಸಬಹುದು. ದ್ರಾವಕವು ಯಾವುದೆಂದು ಕೇಳಬೇಕಾದದ್ದೇ ಇಲ್ಲ! ಈ ಸಮೀಕರಣವು 1893ರಲ್ಲಿ ಶ್ರೋಡರನಿಂದ ಪ್ರಕಟವಾಯಿತು. ಹೀಗೆ ಗಣಿತದಿಂದ ದೊರೆಯುವ ಪ್ರಮಾಣಕ್ಕೆ ಆದರ್ಶ ವಿಲೀನತೆಯೆಂದು ಹೆಸರು.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲವೆಂಬುದಕ್ಕೆ ನಿದರ್ಶನಗಳಿವೆ. ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕುವ ಬಿಳಿಯ ನುಸಿಗುಳಿಗೆಗಳನ್ನು ಬಹುಕಾಲ ನ್ಯಾಫ್ತಲೀನಿನಿಂದ ಮಾಡುತ್ತಿದ್ದರು. ಅದರ ದ್ರವನಬಿಂದು 80 ಡಿಗ್ರಿ. 25 ಡಿಗ್ರಿ ಉಷ್ಣದಲ್ಲಿ ತಣಿದ ದ್ರಾವಣದಲ್ಲಿ ನೂರು ಅಣುಗಳಿಗೆ ಸುಮಾರು 30 ಅದರವಾಗಿರಬೇಕೆಂದು ಗಣಿತವು ಹೇಳುತ್ತದೆ. ಬೆಂಜೀನೆಂಬ ದ್ರವದಲ್ಲಿ ಅಳೆದು ನೋಡಿದರೆ 30ಕ್ಕೆ ಕೂದಲೆಳೆಯಷ್ಟು ಕಡಿಮೆ. ಇನ್ನೂ ಸ್ವಾರಸ್ಯವಾದದ್ದು ಆಂತ್ರಸೀನ್, ಫಿನಾಂತ್ರೀನ್ ಎಂಬ ಜೋಡಿ. ಇವೆರಡೂ ಕಲ್ಲಿದ್ದಲ ಡಾಂಬರಿನಲ್ಲಿ ದೊರೆಯುವ ವಸ್ತುಗಳು; ಎರಡರಲ್ಲಿಯೂ ಇಂಗಾಲದ ಪರಮಾಣುಗಳು 14, ಜಲಜನಕದವು 10; ತೂಕ ಒಂದೇ, ಉಂಗುರಗಳು ಮೂರು ಮೂರೇ. ಆಂತ್ರಸೀನಿನಲ್ಲಿ ಮೂರು ಉಂಗುರಗಳು ನೇರವಾಗಿ ನಿಂತಿವೆ, ಫಿನಾಂತ್ರೀನಿನಲ್ಲಿ ಒಂದು ಮೂಲೆಗೆ ತಿರುಗಿದೆ, ಭೇದವಿಷ್ಟೇ. ಆದರೆ ನೇರವಾದದ್ದು ವ್ಯೂಹದಲ್ಲಿ ಬಿಗಿಯಾಗಿ ಕೂಡಿಕೊಳ್ಳುವುದರಿಂದ ಅದರ ದ್ರವನಬಿಂದು ಸುಮಾರು 216 ಡಿಗ್ರಿ, ಕೊಂಕಾದದ್ದರದು ಸುಮಾರು 100. ಬೆಂಜೀನಿನಲ್ಲಿ 25 ಡಿಗ್ರಿಯಲ್ಲಿ ಫಿನಾಂತ್ರೀನು ನೂರು ಅಣುಗಳಿಗೆ ಇಪ್ಪತ್ತರಷ್ಟು ಸೇರುತ್ತದೆ. ಆಂತ್ರಸೀನು ನೂರಕ್ಕೆ ಒಂದೂ ಇಲ್ಲ. ದ್ರಾವಕವು ಒಂದೇ, ಸಜಾತೀಯತ್ವವೂ ಒಂದೇ. ವ್ಯತ್ಯಾಸವೆಲ್ಲವೂ ಮೊದಲ ಮೆಟ್ಟಿಲಿನದು. ಬೆಣ್ಣೆಯಂತೆ ಸುಲಭವಾಗಿ ಕರಗುವುದು ಬೆಲ್ಲದಂತೆಯೂ ಸುಲಭವಾಗಿ ಕರಗಿತು. ನಮ್ಮ ಹಿರಿಯರು ಎರಡಕ್ಕೂ ಒಂದೇ ಧಾತುವನ್ನು ಬಳಸಿದ್ದರ ಯುಕ್ತತೆಗೆ ಇದಕ್ಕಿಂತ ಬಲವಾದ ಸಾಕ್ಷಿಯು ನನಗೆ ತಿಳಿಯದು. ಅವರು ಈ ಕಾರಣವನ್ನು ತಿಳಿದು ಹಾಗೆ ಬಳಸಿದರೆಂದು ಮಾತ್ರ ನಾನು ಹೇಳುತ್ತಿಲ್ಲ.

ಎರಡನೆಯ ಮೆಟ್ಟಿಲು ಬೆರೆಯುವಿಕೆ. ತೊಡಕುಗಳಿರುವುದು ಇಲ್ಲಿ. ನ್ಯಾಫ್ತಲೀನನ್ನೇ ನೀರಿನಲ್ಲಿ ಹಾಕಿದರೆ ಲೀಟರಿಗೆ ಸುಮಾರು 31 ಮಿಲಿಗ್ರಾಂ ಮಾತ್ರ ಕರಗುತ್ತದೆ. ನೀರಿನ ಅಣುಗಳು ಜಲಜನಕ ಬಂಧವೆಂಬ ಹಿಡಿತದಿಂದ ತಮ್ಮತಮ್ಮೊಳಗೆ ಕೈಹಿಡಿದುಕೊಂಡಿವೆ. ಅದೇ ಬಗೆಯ ಕೈಗಳುಳ್ಳ ಅಣುವು ಬಂದರೆ ಎಡೆಗೊಡುತ್ತವೆ, ಇಲ್ಲದಿದ್ದರೆ ಹೊರಗಿಡುತ್ತವೆ. ಸಕ್ಕರೆಯ ಅಣುವಿನಲ್ಲಿ ಇಂತಹ ಕೈಗಳು ಎಂಟು. ಆದುದರಿಂದಲೇ 100 ಗ್ರಾಂ ನೀರು 20 ಡಿಗ್ರಿಯಲ್ಲಿ ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಮದ್ಯಸಾರಗಳ ಸಾಲನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಪ್ರತಿಯೊಂದಕ್ಕೂ ಒಂದು ತುದಿಯಲ್ಲಿ ನೀರನ್ನು ಹಿಡಿಯುವ ಕೈ, ಹಿಂದೆ ಇಂಗಾಲದ ಬಾಲ. ಬಾಲದಲ್ಲಿ ಇಂಗಾಲ ಒಂದು, ಎರಡು, ಮೂರು ಇರುವವರೆಗೆ ನೀರಿನೊಡನೆ ಎಷ್ಟು ಬೇಕಾದರಷ್ಟು ಬೆರೆಯುತ್ತವೆ. ನಾಲ್ಕಾದೊಡನೆ ನೂರು ಪಾಲು ನೀರಿಗೆ ಏಳೆಂಟು ಪಾಲು. ಆರಾದರೆ ಅರ್ಧ ಪಾಲಿಗಿಂತ ತುಸು ಹೆಚ್ಚು. ಕೈ ಅದೇ ಇದೆ, ಬಾಲವು ಎಳೆದು ಹೊರಗೆ ಹಾಕಿತು. ಎಣ್ಣೆಯು ನೀರನ್ನು ದ್ವೇಷಿಸುತ್ತದೆಂದು ಹೇಳುವ ರೂಢಿಯಿದೆ. ವಸ್ತುತಃ ಅದು ದ್ವೇಷವಲ್ಲ, ನೀರಿನ ಅಣುಗಳ ಪರಸ್ಪರ ಸ್ನೇಹವು ಹೆಚ್ಚಾಗಿರುವುದು. ‘ಸ್ನೇಹ’ವೆಂಬ ಗುಣವನ್ನು ತಾರ್ಕಿಕರು ಎಣ್ಣೆಯ ಸ್ವಂತವೆನ್ನದೆ ನೀರಿಗೇ ಕೊಟ್ಟಿದ್ದಾರೆಂಬುದನ್ನು ಈ ಸಂದರ್ಭದಲ್ಲಿ ನೆನೆದರೆ ಮುಗುಳ್ನಗೆ ಬರುತ್ತದೆ.

ಶುದ್ಧವಾದ ನೀರೊಂದೇ ದ್ರಾವಕವಾಗಿರುವಲ್ಲಿ ಕಾವೂ ತಣಿವೂ ಏನು ಮಾಡುತ್ತವೆಂಬುದನ್ನು ನೋಡಬೇಕಾದರೆ ಅಡಕೆಯ ನಾಡಿಗಿಂತ ಒಳ್ಳೆಯ ಪ್ರಯೋಗಶಾಲೆಯಿಲ್ಲ. ಚನ್ನಗಿರಿ ತಾಲ್ಲೂಕು 1997ರಲ್ಲಿ ಶಿವಮೊಗ್ಗ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಆದರೆ ಅದರ ತೋಟಗಳೂ ಒಲೆಗಳೂ ಇಂದಿಗೂ ಮಲೆನಾಡಿನ ಪದ್ಧತಿಯವೇ. ಆ ತಾಲ್ಲೂಕಿನ ಕತ್ತಲಗೆರೆಯಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವಿದೆ. (ಊರಿನ ಹೆಸರು ಕತ್ತಲ, ಕೆರೆ ಎಂಬೆರಡು ಪದಗಳು ಸೇರಿ, ಕಕಾರಕ್ಕೆ ಗಕಾರಾದೇಶವಾಗಿ ಆದದ್ದು, ಆದೇಶಸಂಧಿಗೆ ಉದಾಹರಣೆ ಬೇಕಾದ ಉಪಾಧ್ಯಾಯರು ಇದನ್ನು ಕೊಡಬಹುದು.) ಕತ್ತಲಗೆರೆಯ ಸುತ್ತಿನಲ್ಲಿ ಭದ್ರಾ ನಾಲೆಯ ನೀರುಂಡ ಗದ್ದೆಗಳ ಜತೆಗೆ ಅಡಕೆಯ ತೋಟಗಳೂ ಇವೆ. ಕಾಯಿ ಬಲಿಯುವುದಕ್ಕೆ ಮೊದಲೇ ಗೊನೆಯನ್ನಿಳಿಸಿ, ಸುಲಿದು, ಹಂಡೆಯಲ್ಲಿ ಬೇಯಿಸಿ, ಒಣಗಿಸಿ ಕೆಂಪಡಕೆ ಮಾಡುವುದು ಈ ಸೀಮೆಯ ಕ್ರಮ.

ಎಳೆಯ ಅಡಕೆಯಲ್ಲಿ ಟ್ಯಾನಿನ್ ಜಾತಿಯ ಒಗರು ಪದಾರ್ಥಗಳು ಹೇರಳವಾಗಿವೆ. ಕಾಯಿ ಬಲಿತಂತೆಲ್ಲ ಅವು ಕುಗ್ಗುತ್ತವೆ. ಅವುಗಳ ಅಣುಗಳಲ್ಲಿ ನೀರನ್ನು ಹಿಡಿಯುವ ಕೈಗಳು ಅನೇಕವಿರುವುದರಿಂದ ಬಿಸಿನೀರಿಗೆ ಅವು ಚೆನ್ನಾಗಿ ಇಳಿಯುತ್ತವೆ. ಒಂದರ ಮೇಲೊಂದರಂತೆ ಹಲವು ಸಲ ಅಡಕೆಯನ್ನು ಬೇಯಿಸಿದ ನೀರು ಕಪ್ಪುಗೆಂಪಾಗಿ ಗಟ್ಟಿಯಾದಾಗ ಅದಕ್ಕೆ ಚೊಗರು ಎಂದು ಹೆಸರು. ಈ ಶಬ್ದವು ‘ಒಗರು’ ಎಂಬುದಕ್ಕೆ ಎಷ್ಟು ಹತ್ತಿರದ್ದೆಂಬುದನ್ನು ಕಿವಿಯೂ ನಾಲಗೆಯೂ ಹೇಳುತ್ತವೆ. ಈಗ ನೋಡಬೇಕಾದ ವಿಶೇಷವೇನೆಂದರೆ, ಹೊಸ ಅಡಕೆಯನ್ನು ಬರಿಯ ನೀರಿನಲ್ಲಿ ಬೇಯಿಸದೆ ಹಿಂದಿನ ಚೊಗರನ್ನು ಬೆರಸಿದ ನೀರಿನಲ್ಲಿ ಬೇಯಿಸುತ್ತಾರೆ. ಬರಿಯ ನೀರು ಹಸಿದಿರುತ್ತದೆ. ಅಡಕೆಯ ಒಗರನ್ನೆಲ್ಲ ಸೆಳೆದುಕೊಂಡು ಅದನ್ನು ಸಪ್ಪೆಮಾಡುತ್ತದೆ. ಚೊಗರು ಬೆರೆತ ನೀರು ಆಗಲೇ ಉಂಡಿರುತ್ತದೆ. ಅದು ಸೆಳೆಯುವುದು ಕಡಿಮೆ, ಮೇಲಾಗಿ ತನ್ನದನ್ನೇ ಅಡಕೆಯ ಮೈಗೆ ಬಳಿದು ಬಣ್ಣವನ್ನೂ ಹೊಳಪನ್ನೂ ಕೊಡುತ್ತದೆ. ದ್ರಾವಣವು ತಣಿಯುವತ್ತ ಸಾಗಿದಂತೆ ಮತ್ತಷ್ಟನ್ನು ಕರಗಿಸುವ ಶಕ್ತಿಯು ಕುಂದುತ್ತದೆಂಬ ನಿಯಮವನ್ನು ಇಷ್ಟು ಲಾಭದಾಯಕವಾಗಿ ಬಳಸುವ ಬೇರೊಂದು ಕಸುಬನ್ನು ನಾನು ಕಂಡಿಲ್ಲ. ಬೇಯುವಾಗ ಒಗರು ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪಾಗುವುದೂ ಉಂಟು. ಅದು ಕರಗುವಿಕೆಯಲ್ಲ, ಪದಾರ್ಥವೇ ಬೇರೆಯಾಗುವುದು.

ತಾಂಬೂಲದ ಮತ್ತೊಂದು ಅಂಗವಾದ ಕಾಚಿನಲ್ಲಿ ಉಷ್ಣದ ಮಹಿಮೆಯು ಕಾಣುತ್ತದೆ. ಕಗ್ಗಲಿಯ, ಅಂದರೆ ಖದಿರದ, ಕೆಚ್ಚನ್ನು ಚಕ್ಕೆಮಾಡಿ ಕುದಿಸಿದರೆ ಕೆಟೆಚಿನ್ ಎಂಬ ಪದಾರ್ಥವೂ ಟ್ಯಾನಿನ್ನೂ ಜತೆಯಾಗಿ ನೀರಿಗಿಳಿಯುತ್ತವೆ. ಕೆಟೆಚಿನ್ ಬಿಸಿನೀರಿನಲ್ಲಿ ಚೆನ್ನಾಗಿ ಕರಗಿ ತಣ್ಣೀರಿನಲ್ಲಿ ಬಲು ಸ್ವಲ್ಪವೇ ಕರಗುವಂಥದು. ಕಷಾಯವನ್ನು ಬತ್ತಿಸಿ ಕೆಲವು ದಿನ ತಣ್ಣಗೆ ಬಿಟ್ಟರೆ ಅದು ತಾನಾಗಿ ಹರಳುಗಟ್ಟಿ ಬೇರೆಯಾಗುತ್ತದೆ. ತಿನ್ನುವ ಕಾಚು ಇದೇ. ದ್ರಾವಣದಲ್ಲಿಯೇ ಉಳಿದ ಟ್ಯಾನಿನ್ನು ಒಣಗಿಸಿದರೆ ಬಲೆಗಳಿಗೂ ಚರ್ಮಕ್ಕೂ ಹಾಕುವ ಬಣ್ಣ. ಕಾಫಿಯ ಕೆಫೀನಿನದೂ ಇದೇ ಸ್ವಭಾವ: ಒಂದು ಗ್ರಾಮಿಗೆ ತಣ್ಣೀರು ಸುಮಾರು 46 ಮಿಲಿಲೀಟರು ಬೇಕಾದರೆ ಕುದಿನೀರು ಒಂದೂವರೆಯೇ ಸಾಕು. ಕಾವು ಹೆಚ್ಚಿದಂತೆ ವ್ಯೂಹವು ತನ್ನಷ್ಟಕ್ಕೆ ಒಡೆಯುವ ಅಂಚಿಗೆ ಬರುತ್ತದೆ, ನೀರಿನ ಕೆಲಸ ಹಗುರವಾಗುತ್ತದೆ.

ಇದುವರೆಗೆ ಹೇಳಿದ್ದು ಶುದ್ಧ ದ್ರಾವಕದ ಮಾತು. ಎರಡು ದ್ರವಗಳು ಬೆರೆತಾಗ ವಿಷಯವು ಹೆಚ್ಚು ಗಹನವಾಗುತ್ತದೆ, ಅದಕ್ಕೆ ತಕ್ಕಷ್ಟು ರಸವತ್ತೂ ಆಗುತ್ತದೆ. ಕರ್ಪೂರವು ಲೀಟರು ನೀರಿನಲ್ಲಿ ಸುಮಾರು 1.2 ಗ್ರಾಂ ಕರಗುತ್ತದೆ. ಮದ್ಯಸಾರದಲ್ಲಾದರೋ ಒಂದು ಮಿಲಿಲೀಟರಿಗೆ ಒಂದು ಗ್ರಾಂ. ಹಾಗಾದರೆ ಎರಡನ್ನೂ ಸಮಭಾಗವಾಗಿ ಬೆರಸಿದರೆ ಕರಗುವ ಪ್ರಮಾಣವು ಎರಡರ ನಡುವಣ ಅರ್ಧವೆ? ಅಲ್ಲ. 1972ರಲ್ಲಿ ಯಾಲ್ಕೋವ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದ ನಿಯಮವೇನೆಂದರೆ, ನೀರಿಗೆ ಸೇರಿಸಿದ ಎರಡನೆಯ ದ್ರಾವಕವು ಸಮಸಮವಾಗಿ ಹೆಚ್ಚಿದಂತೆ ಕರಗುವ ಪ್ರಮಾಣವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಲೆಕ್ಕಕ್ಕಾಗಿ ಒಂದು ವಸ್ತುವನ್ನು ಕಲ್ಪಿಸಿಕೊಳ್ಳೋಣ: ನೀರಿನಲ್ಲಿ ಅದರ ವಿಲೀನತೆ 1, ಮದ್ಯಸಾರದಲ್ಲಿ 1000. ಸಮಭಾಗದ ಮಿಶ್ರದಲ್ಲಿ ಅದು 500 ಆಗದೆ 32ರ ಆಸುಪಾಸಿನಲ್ಲಿರುತ್ತದೆ. ಮದ್ಯಸಾರದಲ್ಲಿ ತಣಿಯುವಷ್ಟು ಕರಗಿಸಿದ ಈ ವಸ್ತುವಿಗೆ ಸಮನಾಗಿ ನೀರು ಹೊಯ್ದರೆ, ಇರುವುದು 500, ಹಿಡಿಯಬಲ್ಲದ್ದು 32, ಉಳಿದದ್ದು ಹೊರಬೀಳಲೇಬೇಕು. ಕರ್ಪೂರದ ಅರ್ಕಕ್ಕೆ ನೀರು ತಗಲಿದೊಡನೆ ಹಾಲಿನಂತೆ ಬೆಳ್ಳಗಾಗುವುದರ ರಹಸ್ಯವಿದು. ನಿಯಮವು ಸ್ಥೂಲವಾದದ್ದೆಂಬುದನ್ನೂ ಹೇಳಬೇಕು. ಅಳತೆಯ ಗೆರೆಯು ಕೆಲವೆಡೆ ಮೇಲಕ್ಕೂ ಕೆಲವೆಡೆ ಕೆಳಕ್ಕೂ ಬಾಗುತ್ತದೆ. ಮೇಲೆ ಹೇಳಿದ ಆಂತ್ರಸೀನನ್ನೇ ಹಲವು ಜೋಡಿ ದ್ರಾವಕಗಳಲ್ಲಿ ಕರಗಿಸಿ ಅಳೆದು ಈ ಬಾಗುವಿಕೆಯನ್ನು ಗಣಿತಕ್ಕೆ ಒಳಪಡಿಸಿದವರಲ್ಲಿ ಅಮೆರಿಕದ ವಿಲಿಯಂ ಅಕ್ರೀ ಮುಖ್ಯರು.

ಈ ಬೆಳ್ಳಗಾಗುವಿಕೆಯು ನಮ್ಮ ನಾಡಿನ ಒಂದು ದೊಡ್ಡ ಉದ್ಯಮಕ್ಕೆ ಒರೆಗಲ್ಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ ಇವರ ಪ್ರಯೋಗಗಳ ಫಲವಾಗಿ ಮೈಸೂರು ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿ ಶ್ರೀಗಂಧದ ಎಣ್ಣೆಯನ್ನು ಇಳಿಸುವ ಕಾರ್ಖಾನೆಯನ್ನು ಆರಂಭಿಸಿತು, ಮೈಸೂರಿನದು ಮರುವರ್ಷ. ಶುದ್ಧವಾದ ಗಂಧದೆಣ್ಣೆಯು ನೂರಕ್ಕೆ 70 ಮದ್ಯಸಾರವಿರುವ ನೀರಿನಲ್ಲಿ, ತನ್ನ ಐದರಷ್ಟು ಗಾತ್ರದಲ್ಲಿ, 20 ಡಿಗ್ರಿಯಲ್ಲಿ ತಿಳಿಯಾಗಿ ಕರಗಬೇಕೆಂಬುದು ಔಷಧಸಂಹಿತೆಗಳ ಪರೀಕ್ಷೆ. ಸೀಡರ್ ಮರದ ಅಗ್ಗದ ಎಣ್ಣೆಯನ್ನು ಬೆರಸಿದ್ದರೆ ಅದು ಕದಡುತ್ತದೆ. ಪೂರ್ಣ ಮದ್ಯಸಾರದಲ್ಲಿ ಎರಡು ಎಣ್ಣೆಗಳೂ ಕರಗುವುದರಿಂದ ಅಲ್ಲಿ ಕಳ್ಳನು ತಪ್ಪಿಸಿಕೊಳ್ಳುತ್ತಾನೆ. ಬರಿಯ ನೀರಿನಲ್ಲಿ ಎರಡೂ ಕರಗದಿರುವುದರಿಂದ ಅಲ್ಲಿಯೂ ತಪ್ಪಿಸಿಕೊಳ್ಳುತ್ತಾನೆ. ಸಿಕ್ಕಿಬೀಳುವುದು ಮಿಶ್ರದಲ್ಲಿ ಮಾತ್ರ.

ಮಿಶ್ರವು ತನ್ನ ಎರಡು ಅಂಗಗಳನ್ನೂ ಮೀರಿಸುವುದುಂಟೆ? ಉಂಟು. ಅರಳೆಯನ್ನು ನೈಟ್ರಿಕ್ ಮತ್ತು ಗಂಧಕದ ಆಮ್ಲಗಳಿಂದ ಸಂಸ್ಕರಿಸಿ ಮಾಡಿದ ನೈಟ್ರೋಸೆಲ್ಯುಲೋಸಿನ ಒಂದು ಬಗೆಯು ಈಥರಿನಲ್ಲಿ ಕರಗದು, ಮದ್ಯಸಾರದಲ್ಲಿಯೂ ಕರಗದು; ಎರಡನ್ನೂ ಬೆರಸಿದರೆ ಕರಗಿ ಕೊಲೋಡಿಯನ್ ಎಂಬ ಅಂಟುದ್ರವವಾಗುತ್ತದೆ. 1851ರಲ್ಲಿ ಆರ್ಚರನು ಛಾಯಾಚಿತ್ರದ ಗಾಜಿಗೆ ಬಳಿದದ್ದು ಇದನ್ನೇ. ಎರಡು ಅಸಮರ್ಥಗಳು ಕೂಡಿ ಸಮರ್ಥವಾದುದು ಹೇಗೆ? 1924ರಲ್ಲಿ ವಿಲೀನತೆಯ ಮೇಲೆ ಗ್ರಂಥವನ್ನೇ ಬರೆದ ಜೋಯೆಲ್ ಹಿಲ್ಡೆಬ್ರಾಂಡ್ ಇದಕ್ಕೆ ಅಳತೆಗೋಲನ್ನು ಒದಗಿಸಿದನು. ಪ್ರತಿಯೊಂದು ದ್ರವಕ್ಕೂ ತನ್ನ ಅಣುಗಳ ಪರಸ್ಪರ ಹಿಡಿತವನ್ನು ಸೂಚಿಸುವ ಒಂದು ಸಂಖ್ಯೆ. ಈಥರಿಗೆ ಅದು ಸುಮಾರು 15, ಮದ್ಯಸಾರಕ್ಕೆ 26, ನೀರಿಗೆ 48. ಸಂಖ್ಯೆಗಳು ಹತ್ತಿರವಿದ್ದಷ್ಟೂ ಬೆರೆಯುವಿಕೆ ಸುಲಭ. ನೈಟ್ರೋಸೆಲ್ಯುಲೋಸಿನ ಸಂಖ್ಯೆಯು 15ಕ್ಕೂ 26ಕ್ಕೂ ನಡುವಿನದು. ಅದಕ್ಕೆ ಒಂದು ದ್ರವ ಕೆಳಗಾಯಿತು, ಒಂದು ಮೇಲಾಯಿತು, ಮಿಶ್ರವು ಸರಿಯಾಯಿತು.

ಈ ಅಳತೆಗೋಲನ್ನು ಹಿಡಿದು ನಮ್ಮ ವೈದ್ಯಗ್ರಂಥಗಳನ್ನು ನೋಡುವುದು ಉಪಯುಕ್ತ. ಶಾರ್ಙ್ಗಧರಸಂಹಿತೆಯು ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟವೆಂದು ಐದು ಕಷಾಯಗಳನ್ನು ಹೇಳಿ, ಕ್ವಾಥಕ್ಕೆ ಹದಿನಾರರಷ್ಟು ನೀರು ಹೊಯ್ದು ಎಂಟನೆಯ ಒಂದು ಭಾಗಕ್ಕೆ ಬತ್ತಿಸಬೇಕೆಂದೂ, ಹಿಮಕ್ಕೆ ಆರರಷ್ಟು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಿಡಬೇಕೆಂದೂ, ಫಾಂಟಕ್ಕೆ ನಾಲ್ಕರಷ್ಟು ಬಿಸಿನೀರು ಹೊಯ್ದು ಸೋಸಬೇಕೆಂದೂ ವಿಧಿಸುತ್ತದೆ. ಗಟ್ಟಿಯಾದ ಬೇರುಚಕ್ಕೆಗಳಿಗೆ ಕುದಿತವು ಬೇಕು. ಸುವಾಸನೆಯ ದ್ರವ್ಯಗಳನ್ನು ಕುದಿಸಿದರೆ ಎಣ್ಣೆಯ ಅಂಶವು ಹಬೆಯೊಡನೆ ಹೊರಟುಹೋಗುತ್ತದೆ. ದ್ರಾವಕವು ಒಂದೇ ಆಗಿದ್ದರೂ ಉಷ್ಣಕಾಲಗಳ ಭೇದದಿಂದ ಅದು ಬೇರೆ ಬೇರೆಯದನ್ನು ಆರಿಸಿಕೊಳ್ಳುತ್ತದೆಂಬ ಅನುಭವವು ಇಲ್ಲಿ ಸ್ಪಷ್ಟ. ತೈಲಪಾಕದಲ್ಲಾದರೋ ಎಣ್ಣೆಗೆ ಕಾಲುಭಾಗ ಕಲ್ಕ, ನಾಲ್ಕರಷ್ಟು ದ್ರವ. ಪರಸ್ಪರ ಬೆರೆಯದ ಎರಡು ದ್ರಾವಕಗಳು ಒಂದೇ ಪಾತ್ರೆಯಲ್ಲಿ. ಪ್ರತಿಯೊಂದು ಪದಾರ್ಥವೂ ತನಗೆ ಸಜಾತೀಯವಾದುದರ ಕಡೆಗೆ ಗೊತ್ತಾದ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಈ ಹಂಚಿಕೆಯ ನಿಯಮವನ್ನು 1891ರಲ್ಲಿ ನರ್ನ್ಸ್ಟನು ಹೇಳಿದನು. ಕೊನೆಗೆ ನೀರು ಬತ್ತಿ, ನೀರಿನ ಪಾಲಿನದು ಬಹುಮಟ್ಟಿಗೆ ಕಲ್ಕದಲ್ಲಿಯೇ ಉಳಿದು, ಎಣ್ಣೆಯ ಪಾಲಿನದು ತೈಲದಲ್ಲಿ ದೊರೆಯುತ್ತದೆ. ಹಾಗಾದರೆ ಅಷ್ಟು ನೀರು ವ್ಯರ್ಥವೆ? ಅಲ್ಲ, ನೀರಿರುವವರೆಗೆ ಪಾತ್ರೆಯ ಕಾವು ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ ದ್ರವ್ಯವು ಸೀಯುವುದಿಲ್ಲ. ಅರಿಸಿನದ ಹಳದಿಯಾದ ಕರ್ಕ್ಯುಮಿನ್ ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿಯೂ ಮದ್ಯಸಾರದಲ್ಲಿಯೂ ಕರಗತಕ್ಕದ್ದು. ಅರಿಸಿನವನ್ನು ಹಾಲಿನಲ್ಲಿಯೂ ತುಪ್ಪದಲ್ಲಿಯೂ ಕೊಡುವ ಮನೆಮದ್ದಿಗೆ ಇದು ಅನುಕೂಲವೇ.

ಆಸವಾರಿಷ್ಟಗಳ ವಿಷಯದಲ್ಲಿ ಮಾತ್ರ ನಮ್ಮವರ ಪ್ರಶಂಸೆಯು ಕೊಂಚ ಅತಿಯಾಗಿದೆ. ಚರಕನು ಎಂಬತ್ತನಾಲ್ಕು ಆಸವಗಳನ್ನು ಎಣಿಸಿದ್ದಾನೆ. ಬೆಲ್ಲಜೇನುಗಳು ಹುಳಿತು ಅಲ್ಲಿಯೇ ಮದ್ಯಸಾರವು ಹುಟ್ಟುವುದರಿಂದ ಅರಿಷ್ಟವು ನೀರು ಮತ್ತು ಮದ್ಯಸಾರಗಳ ಮಿಶ್ರದ್ರಾವಕವೆಂಬುದು ನಿಜ. ಅಷ್ಟರಿಂದಲೇ ನೀರಿನಲ್ಲಿ ಕರಗದ ಸಾರವೆಲ್ಲ ಅದರಲ್ಲಿ ಇಳಿಯುತ್ತದೆಂದು ಕೆಲವರು ಬರೆಯುತ್ತಾರೆ. ಆದರೆ ಹೀಗೆ ಹುಟ್ಟುವ ಮದ್ಯಸಾರವು ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹನ್ನೆರಡರವರೆಗೆ. ಮೇಲಿನ ಲೆಕ್ಕದಂತೆ, ಮದ್ಯಸಾರದಲ್ಲಿ ಸಾವಿರ ಪಟ್ಟು ಹೆಚ್ಚು ಕರಗುವ ವಸ್ತುವು ನೂರಕ್ಕೆ ಹತ್ತರ ಮಿಶ್ರದಲ್ಲಿ ನೀರಿಗಿಂತ ಎರಡು ಪಟ್ಟು ಮಾತ್ರ ಕರಗಬೇಕು. ಎರಡು ಪಟ್ಟು ಅಲ್ಪವಲ್ಲ, ಆದರೆ ಸಾವಿರವೂ ಅಲ್ಲ. ಅರಿಷ್ಟದ ನಿಜವಾದ ಗುಣವು ಕೆಡದೆ ಬಹುಕಾಲ ಉಳಿಯುವುದು. ಕ್ವಾಥವು ಮರುದಿನಕ್ಕೆ ಹಳಸುತ್ತದೆ. ಪೂರ್ವಿಕರ ಅನುಭವಕ್ಕೆ ಗೌರವ ಸಲ್ಲಬೇಕಾದರೆ ಅವರು ಮಾಡಿದ್ದನ್ನು ಅಳೆದು ಹೇಳಬೇಕು. ಅವರು ಹೇಳದ ಅಣುಸಿದ್ಧಾಂತವನ್ನು ಅವರ ಬಾಯಲ್ಲಿ ಹಾಕುವುದು ಗೌರವವಲ್ಲ.

ಇನ್ನು ಪರಿಭಾಷೆಯ ಪ್ರಶ್ನೆ. ಕನ್ನಡದ ಪಾಠಪುಸ್ತಕಗಳಲ್ಲಿ ದ್ರಾವಣ, ದ್ರಾವಕ, ದ್ರಾವ್ಯ, ವಿಲೀನತೆ ಎಂಬ ಶಬ್ದಗಳು ನೆಲೆಗೊಂಡಿವೆ. ಬೆಣ್ಣೆಯ ಕಡೆಗೆ ದ್ರವನಬಿಂದುವೆಂಬ ಶಬ್ದವಿದೆ. ದ್ರವನವೂ ದ್ರಾವಣವೂ ಹರಿಯುವುದೆಂಬ ಅರ್ಥದ ‘ದ್ರು’ ಧಾತುವಿನಿಂದಲೇ ಬಂದವು. ಕನ್ನಡ ಧಾತುವಿನ ಸಂಕರವನ್ನು ತಪ್ಪಿಸಲು ಸಂಸ್ಕೃತಕ್ಕೆ ಹೋದವರು ಅಲ್ಲಿಯೂ ಒಂದೇ ಧಾತುವನ್ನು ಹಿಡಿದು ಬಂದರು! ಇದರಿಂದ ಹಾನಿಯೇನೂ ಆಗಿಲ್ಲ. ನಾಮಪದಗಳಿಗೆ ಈ ಶಬ್ದಗಳಿರಲಿ. ಕ್ರಿಯಾಪದಕ್ಕೆ ‘ಕಾವಿಗೆ ಕರಗು’, ‘ದ್ರವದಲ್ಲಿ ಕರಗು’ ಎಂದು ವಿಭಕ್ತಿಯಿಂದಲೇ ಭೇದವನ್ನು ಸೂಚಿಸಿದರೆ ಬಾಲಕರಿಗೂ ಗೊಂದಲವಿಲ್ಲ. ಎಚ್ಚರಿಕೆ ಬೇಕಾದದ್ದು ‘ದ್ರಾವಕ’ ಶಬ್ದದಲ್ಲಿ. ಹಳೆಯ ವೈದ್ಯಗ್ರಂಥಗಳಲ್ಲಿ ಅದಕ್ಕೆ ಆಮ್ಲವೆಂಬ ಅರ್ಥವುಂಟು. ರಸಶಾಸ್ತ್ರದ ಶಂಖದ್ರಾವವು ಶಂಖವನ್ನೇ ನೀರುಮಾಡುವ ತೀಕ್ಷ್ಣ ಆಮ್ಲ. ಬೆಲ್ಲದ ನೀರನ್ನು ಬತ್ತಿಸಿದರೆ ಬೆಲ್ಲವು ಮರಳಿ ದೊರೆಯುತ್ತದೆ. ಶಂಖದ್ರಾವವನ್ನು ಬತ್ತಿಸಿದರೆ ಶಂಖವು ದೊರೆಯದು, ದೊರೆಯುವುದು ಬೇರೊಂದು ಲವಣ. ಇಂತಹ ಗ್ರಂಥಗಳನ್ನು ಸಂಪಾದಿಸುವವರೂ ಪಾಠ ಹೇಳುವವರೂ ಆ ಸ್ಥಳಗಳಲ್ಲಿ ‘ಕರಗಿತು’ ಎಂದು ಅರ್ಥ ಬರೆಯದೆ ‘ಆಮ್ಲವು ಶಂಖವನ್ನು ತಿಂದಿತು’ ಎಂದೇ ಬರೆಯತಕ್ಕದ್ದು.